ಬಾಡಿಗೆಯ ಗಾಲಿಕುರ್ಚಿ

ನಮ್ಮ ಬೀದಿಯ ತಲೆಯಲ್ಲಿ ಒಂದು ದೊಡ್ಡ ಬೋರ್ಡು ನಿಲ್ಲಿಸಿದ್ದಾರೆ. ‘ಎಲ್ಲರ ಬೀದಿ’ ಅಂತ ಬರೆದಿದೆ. ಕೆಳಗೆ ಸಾಲಾಗಿ ಚಿತ್ರಗಳು. ನಡೆಯುವ ಗಂಡಸು, ಮಗುವಿನ ಕೈ ಹಿಡಿದ ಹೆಂಗಸು, ಕೋಲೂರಿದ ಮುದುಕ, ಸೈಕಲ್ಲು, ಬಸ್ಸು, ಕಾರು, ಗಾಲಿಕುರ್ಚಿ. ಕೊನೆಯಲ್ಲಿ ಬಾಲ ಎತ್ತಿಕೊಂಡ ಒಂದು ನಾಯಿ. ನಾನು ನನ್ನ ಹಲಗೆಯ ಮೇಲೆ ಕೂತು ಕತ್ತು ನೋಯುವ ತನಕ ಮೇಲೆ ನೋಡಿದೆ. ನಾನು ಎಲ್ಲೂ ಇರಲಿಲ್ಲ. ಇದ್ದೇನೆ ಅಂತ ಆಮೇಲೆ ಗೊತ್ತಾಯಿತು. ಅದನ್ನೇ ಹೇಳುತ್ತೇನೆ.

ನನಗೆ ಸೊಂಟದಿಂದ ಕೆಳಗೆ ಬಲವಿಲ್ಲ. ನಡೆಯಲು ಕಲಿತ ವರ್ಷವೇ ಜ್ವರ ಬಂತು, ಕಲಿತದ್ದನ್ನು ವಾಪಸ್ ತೆಗೆದುಕೊಂಡು ಹೋಯಿತು. ಅಕ್ಕನ ಮನೆಯಲ್ಲಿದ್ದೇನೆ. ಭಾವ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಾನೆ. ಹಲಗೆ ಮಾಡಿಕೊಟ್ಟವನು ಅವನೇ. ಕೆಳಗೆ ನಾಲ್ಕು ಬೇರಿಂಗ್ ಗಾಲಿ, ಮೇಲೆ ಹಳೆ ಸೀಟಿನ ಸ್ಪಂಜು. ಎರಡು ಕೈಯಲ್ಲಿ ಎರಡು ಮರದ ತುಂಡು, ತುಂಡಿಗೆ ಟೈರಿನ ರಬ್ಬರು. ನೆಲ ಒತ್ತಿದರೆ ಮುಂದೆ ಹೋಗುತ್ತೇನೆ. ನನ್ನ ತೋಳು ನೋಡಿ ಭಾವ, ಮೂಟೆ ಹೊರಲು ನೀನೇ ಬಾ, ನಾನು ಹಲಗೆ ಮೇಲೆ ಕೂರ್ತೀನಿ ಅನ್ನುತ್ತಾನೆ.

ನನ್ನ ಕಸುಬು ಜಿಪ್ಪು ಹಾಕುವುದು. ಚೀಲದ ಜಿಪ್ಪು, ಜಾಕೆಟ್ಟಿನ ಜಿಪ್ಪು, ಸೂಟ್‌ಕೇಸಿನ ಜಿಪ್ಪು. ಬೀದಿಯ ಆ ತುದಿಯಲ್ಲಿ, ಬಸ್‌ಸ್ಟಾಪಿನ ಪಕ್ಕದ ಕಟ್ಟಡದ ಮೆಟ್ಟಿಲ ಕೆಳಗೆ ನನ್ನ ಜಾಗ. ಎಲ್ಲರೂ ಜಿಪ್ಪಕ್ಕ ಅನ್ನುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಅಕ್ಕನಿಗೆ ಮಾತ್ರ ನೆನಪಿದೆ, ಅದೂ ಸಿಟ್ಟು ಬಂದಾಗ.

ಹಳೆಯ ಬೀದಿ ಕೆಟ್ಟ ಬೀದಿ. ಟಾರು ಕಿತ್ತುಹೋಗಿತ್ತು, ಗುಂಡಿ ಇತ್ತು, ಮೋಟರ್‌ಬೈಕಿನವರು ಮೈಮೇಲೇ ಬರುತ್ತಿದ್ದರು. ಅವರು ಬಾಯಿಗೆ ಬಂದದ್ದು ಅಂದರೆ ನಾನೂ ಬಾಯಿಗೆ ಬಂದದ್ದು ಅಂದು ಮುಂದೆ ಹೋಗುತ್ತಿದ್ದೆ. ಅಂಚು ಹಿಡಿದು ನಾನೇ ಹೋಗುತ್ತಿದ್ದೆ, ನಾನೇ ಬರುತ್ತಿದ್ದೆ. ಅದು ಯಾರ ಬೀದಿಯೂ ಆಗಿರಲಿಲ್ಲ. ಹಾಗಾಗಿ ನನ್ನದೂ ಆಗಿತ್ತು.

ಆಮೇಲೆ ಅದನ್ನು ಎಲ್ಲರ ಬೀದಿ ಮಾಡಿದರು.

ಮೊದಲು ಕಂಬಕ್ಕೆ ಕ್ಯಾಮರಾ ಕಟ್ಟಿದರು. ಯಾರು ಹೇಗೆ ಓಡಾಡುತ್ತಾರೆ ಅಂತ ಎಣಿಸಲಿಕ್ಕಂತೆ. ಎಣಿಸಿ ಮುಗಿದ ಮೇಲೆ ಅಗೆದರು. ಅಗೆದು, ಮುಚ್ಚಿ, ಏನೋ ಮರೆತೆವು ಅಂತ ಮತ್ತೆ ಅಗೆದರು. ಕೊನೆಗೆ ತಡಿಕೆ ತೆಗೆದಾಗ ಬೀದಿ ನಿಜಕ್ಕೂ ಚೆಂದ ಕಂಡಿತು, ಸುಳ್ಳು ಯಾಕೆ ಹೇಳಲಿ. ಬಸ್ಸಿಗೆ ಕೆಂಪು ದಾರಿ, ಸೈಕಲ್ಲಿಗೆ ಹಸಿರು ದಾರಿ, ಕಾರಿಗೆ ಕಪ್ಪು ದಾರಿ. ನಡೆಯುವವರಿಗೆ ಅಗಲವಾದ ಫುಟ್‌ಪಾತು, ಜಾರದ ಹಾಗೆ ತರಿತರಿ ಕಲ್ಲು. ಫುಟ್‌ಪಾತಿನ ನಡುವೆ ಕಣ್ಣು ಕಾಣದವರಿಗೆ ಗುಬುಟು ಗುಬುಟಾದ ಹಳದಿ ಹಾಸು. ಹತ್ತಿ ಇಳಿಯಲು ಇಳಿಜಾರು. ನನ್ನ ಮೆಟ್ಟಿಲ ಪಕ್ಕದಲ್ಲಿ, ನೆಲದಿಂದ ಒಂದು ಮೊಳ ಎತ್ತರಕ್ಕೆ, ಕಲ್ಲಿನ ಒಂದು ನೀರಿನ ತೊಟ್ಟಿ, ಅದಕ್ಕೊಂದು ಒತ್ತುವ ನಲ್ಲಿ. ತೊಟ್ಟಿಯ ಮೇಲೆ ಪ್ರಾಣಿಯ ಪಂಜದ ಗುರುತು. ಅಲ್ಲಿ ಯಾಕೆ ತೊಟ್ಟಿ ಇಟ್ಟರು ಅಂತ ಯಾರಿಗೂ ಗೊತ್ತಿರಲಿಲ್ಲ. ಉದ್ಘಾಟನೆಗೆ ಮುಂಚೆ ಬೀದಿಯ ನಾಯಿಗಳನ್ನೆಲ್ಲ ಹಿಡಿದುಕೊಂಡು ಹೋಗಿದ್ದರು.

ಮೊದಲ ದಿನ ನಾನು ಹುಮ್ಮಸ್ಸಿನಲ್ಲಿ ಇಳಿಜಾರು ಹತ್ತಿ ಫುಟ್‌ಪಾತಿಗೆ ಬಂದೆ. ತರಿಕಲ್ಲಿನ ಮೇಲೆ ಗಾಲಿ ಗಡಗಡ ಅಂದು ಹಲ್ಲು ಅದುರಿತು. ಹಳದಿ ಹಾಸು ದಾಟುವಾಗ ಮುಂದಿನ ಗಾಲಿ ಎರಡು ಗುಬುಟಿನ ಮಧ್ಯೆ ಸಿಕ್ಕಿಕೊಂಡಿತು. ಹಲಗೆ ನಿಂತಿತು, ನಾನು ನಿಲ್ಲಲಿಲ್ಲ. ಮುಖ ಅಡಿಯಾಗಿ ಬಿದ್ದೆ. ತುಟಿ ಒಡೆಯಿತು. ಎಬ್ಬಿಸಿದವರೆಲ್ಲ, ಹೊಸ ಫುಟ್‌ಪಾತು ಎಷ್ಟು ಚೆನ್ನಾಗಿದೆ, ನೋಡಿಕೊಂಡು ಹೋಗಬಾರದಾ ಅಂದರು.

ಹಸಿರು ದಾರಿಗೆ ಇಳಿದೆ. ಅದು ನುಣ್ಣಗಿತ್ತು. ನಾಲ್ಕು ಸಲ ನೆಲ ಒತ್ತಿರಲಿಕ್ಕಿಲ್ಲ, ಪೀಪಿ ಕೇಳಿಸಿತು. ಹಳದಿ ಅಂಗಿಯ ಕಾವಲುಗಾರ. ಇದು ಸೈಕಲ್ಲಿಗೆ ಅಂದ. ಕೆಂಪು ದಾರಿಗೆ ಹೋದರೆ ಅದು ಬಸ್ಸಿಗೆ. ನಾನು ಯಾವುದರಲ್ಲಿ ಹೋಗಲಣ್ಣ ಅಂತ ಕೇಳಿದೆ. ಪಾಪ, ತಲೆ ಕೆರೆದುಕೊಂಡ.

“ನೀನು ಯಾವುದಕ್ಕೆ ಬರ್ತೀಯ ಅಂತ ನನಗೂ ಹೇಳಿಲ್ಲಮ್ಮ” ಅಂದ.

ಅವತ್ತಿನಿಂದ ಭಾವ ನನ್ನನ್ನು ಹೊತ್ತ. ಬೆಳಗ್ಗೆ ಮಾರುಕಟ್ಟೆಗೆ ಹೋಗುವ ಮುಂಚೆ ಬೆನ್ನ ಮೇಲೆ ಹಾಕಿಕೊಂಡು ಬೀದಿಯುದ್ದಕ್ಕೂ ಹೊತ್ತು ಮೆಟ್ಟಿಲ ಕೆಳಗೆ ಇಳಿಸುತ್ತಿದ್ದ. ಹಲಗೆ ಅವನ ಕಂಕುಳಲ್ಲಿ. ಇಡೀ ದಿನ ಮೂಟೆ ಹೊತ್ತ ಬೆನ್ನಲ್ಲೇ ಸಾಯಂಕಾಲ ಮತ್ತೆ ನನ್ನನ್ನು ಹೊರುತ್ತಿದ್ದ. ಅವನ ಉಸಿರು ನನ್ನ ಎದೆಗೆ ತಾಗುತ್ತಿತ್ತು. ಬೆವರು ನನ್ನ ಬಟ್ಟೆಗೆ ಇಳಿಯುತ್ತಿತ್ತು. ಬಸ್‌ಸ್ಟಾಪಿನ ಗಂಡಸರು ನನ್ನ ಜೋಲುವ ಕಾಲನ್ನು ನೋಡುತ್ತಿದ್ದರು, ಆಮೇಲೆ ಭಾವನ ಕೈ ಎಲ್ಲಿದೆ ಅಂತ ನೋಡುತ್ತಿದ್ದರು. ನಾನು ನೀರು ಕುಡಿಯುವುದು ಬಿಟ್ಟೆ. ಕುಡಿದರೆ ಹೋಗಬೇಕಾಗುತ್ತದೆ, ಹೋಗಬೇಕಾದರೆ ಮನೆಗೇ ಹೋಗಬೇಕು, ಮನೆಗೆ ಹೋಗಲು ಭಾವ ಬರಬೇಕು. ಮೊದಲು ಮಧ್ಯಾಹ್ನ ನಾನೇ ಹೋಗಿ ಬರುತ್ತಿದ್ದೆ. ಇದನ್ನೆಲ್ಲ ಯಾವ ಚಿತ್ರದ ಕೆಳಗೂ ಬರೆದಿರಲಿಲ್ಲ.

ಒಂದು ದಿನ ಭಾವನ ಸೊಂಟ ಹಿಡಿಯಿತು. ಅಕ್ಕ ಎಣ್ಣೆ ಬಿಸಿ ಮಾಡಿ ಅವನ ಸೊಂಟಕ್ಕೆ ತಿಕ್ಕಿದಳು. ಆ ತಿಕ್ಕುವ ರೀತಿಯಲ್ಲೇ ನನಗೆ ಹೇಳಬೇಕಾದದ್ದೆಲ್ಲ ಇತ್ತು.

ನಾನೂ ಅಕ್ಕನೂ ಆಟೋ ಹಿಡಿದು ಬೀದಿ ಕಟ್ಟಿಸಿದ ಕಚೇರಿಗೆ ಹೋದೆವು. ಕಚೇರಿ ಮೇಲಂತಸ್ತಿನಲ್ಲಿತ್ತು. ನಾನು ಹತ್ತುವುದಿಲ್ಲ, ಬೇಕಾದವರು ಇಳಿದು ಬರಲಿ ಅಂದೆ. ಎಂಜಿನಿಯರಮ್ಮ ಇಳಿದು ಬಂದಳು. ಚಿಕ್ಕ ವಯಸ್ಸು, ಮೆತ್ತಗಿನ ಮಾತು. ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅಷ್ಟು ಮಾಡುವವರೂ ಕಡಿಮೆ, ಅದನ್ನು ನಾನು ಮರೆಯುವುದಿಲ್ಲ. ಫುಟ್‌ಪಾತಿನ ಅಂಚಿಗೆ ಎರಡು ಗೇಣು ಅಗಲ ನುಣುಪು ಸಿಮೆಂಟಿನ ಪಟ್ಟಿ ಹಾಕಿಸಿಕೊಡಿ, ಅಷ್ಟು ಸಾಕು ಅಂದೆ. ಅವಳು ತನ್ನ ಟ್ಯಾಬ್ ತೆರೆದಳು. ನಾವು ಒಬ್ಬರನ್ನೂ ಬಿಟ್ಟಿಲ್ಲ ನೋಡಿ, ಪ್ರತಿಯೊಬ್ಬರನ್ನೂ ಎಣಿಸಿಯೇ ಬೀದಿ ಮಾಡಿದ್ದು ಅಂತ ಕ್ಯಾಮರಾದ ವಿಡಿಯೋ ತೋರಿಸಿದಳು. ಹಳೆಯ ಬೀದಿ. ನಡೆಯುವವರ ಸುತ್ತ ನೀಲಿ ಚೌಕ. ಸೈಕಲ್ಲಿನ ಸುತ್ತ ಹಸಿರು ಚೌಕ. ಆಮೇಲೆ ಪರದೆಯ ಕೆಳಗಿನ ಮೂಲೆಯಿಂದ ನಾನು ಬಂದೆ. ಬೆನ್ನಿಗೆ ಚೀಲ, ಎರಡು ಕೈಯಲ್ಲೂ ನೆಲ ಒತ್ತುತ್ತ. ನನ್ನ ಸುತ್ತ ಕಂದು ಚೌಕ. ಅದರ ಮೇಲೆ ಸಣ್ಣಕ್ಷರದಲ್ಲಿ ಏನೋ ಇತ್ತು. ಎಂಜಿನಿಯರಮ್ಮ ನನಗಿಂತ ಮೊದಲೇ ಓದಿ ಬೆರಳು ಅಡ್ಡ ಇಟ್ಟಳು. ತಡವಾಗಿತ್ತು.

“ಬೀಡಾಡಿ ಪ್ರಾಣಿ ಅಂತಿದೆ ಮೇಡಂ” ಅಂದೆ.

ಅವಳ ಮುಖ ಕೆಂಪಾಯಿತು. ಅದು ಮಿಷಿನ್ನು, ಎತ್ತರ ನೋಡಿ ಲೆಕ್ಕ ಹಾಕುತ್ತದೆ, ಅಷ್ಟು ತಗ್ಗಿನಲ್ಲಿ ಏನು ಓಡಾಡಿದರೂ ಪ್ರಾಣಿ ಅಂತ ತಿಳಿದುಕೊಳ್ಳುತ್ತದೆ ಅಂದಳು. ಮನುಷ್ಯರು ಯಾರೂ ನೋಡಲಿಲ್ಲವಾ ಅಂದೆ. ಅಷ್ಟು ಗಂಟೆಗಳ ವಿಡಿಯೋ ಯಾರು ಕೂತು ನೋಡುತ್ತಾರೆ ಅಂದಳು. ಈಗಲಾದರೂ ತಿದ್ದಿ ಅಂದೆ. ತಿದ್ದಿದರೆ ಲೆಕ್ಕವೆಲ್ಲ ಏರುಪೇರಾಗುತ್ತದೆ, ಒಪ್ಪಿಗೆ ಆಗಿಹೋಗಿದೆ ಅಂದಳು. ಕ್ಷಮಿಸಿ ಅಂತಲೂ ಅಂದಳು.

ಮನೆಗೆ ಬಂದು ಭಾವನಿಗೆ ಹೇಳಿದಾಗ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪ್ರಾಣಿಗೆ ಊಟ ಹಾಕಿದೆಯಾ ಅಂತ ಭಾವ ಅಕ್ಕನನ್ನು ಕೇಳಿದ. ಎರಡನೇ ಸಲ ಕೇಳಿದಾಗ ಅಕ್ಕ ಸೌಟು ಎಸೆದಳು. ನಾನು ನಗುವಷ್ಟು ನಕ್ಕು, ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ. ಅಳು ನಿಂತ ಮೇಲೂ ಸಿಟ್ಟು ಉಳಿದಿತ್ತು. ಅದು ಈಗಲೂ ಇದೆ, ಚೆನ್ನಾಗಿ ನೋಡಿಕೊಂಡಿದ್ದೇನೆ.

ಭಾವ ಸೊಂಟಕ್ಕೆ ಬಟ್ಟೆ ಬಿಗಿದು ಮತ್ತೆ ನನ್ನನ್ನು ಹೊರತೊಡಗಿದ. ಹೀಗಿರುವಾಗ ಒಂದು ದಿನ ಬೀದಿ ಕೆಲಸ ಮಾಡಿದ ಕಂಟ್ರಾಕ್ಟರ್ ನನ್ನ ಮೆಟ್ಟಿಲ ಹತ್ತಿರ ಬಂದು ನಿಂತ. ಅವನ ಹಿಂದೆ ಒಂದು ಗಾಲಿಕುರ್ಚಿ. ಕೈಹಿಡಿಗೆ ಇನ್ನೂ ಪ್ಲಾಸ್ಟಿಕ್ ಸುತ್ತಿತ್ತು. ಔಷಧಿ ಅಂಗಡಿಯಿಂದ ಬಾಡಿಗೆಗೆ ತಂದದ್ದು. ಒಳ್ಳೆಯ ಬೀದಿಗೆ ಬಹುಮಾನ ಇದೆಯಂತೆ, ಅಂಕ ಕೊಡಲು ದೊಡ್ಡವರು ಬರುತ್ತಿದ್ದಾರಂತೆ. ಎಲ್ಲ ಬಗೆಯ ಜನ ಬೀದಿಯಲ್ಲಿ ಓಡಾಡುವುದನ್ನು ಅವರು ಕಣ್ಣಾರೆ ನೋಡಬೇಕಂತೆ. ಸೈಕಲ್ಲಿನವರಿದ್ದಾರೆ, ಮುದುಕರಿದ್ದಾರೆ, ಗಾಲಿಕುರ್ಚಿಯವರು ಮಾತ್ರ ಯಾರೂ ಬೀದಿಗೆ ಬರುವುದೇ ಇಲ್ಲವಂತೆ. ಯಾಕೆ ಬರುವುದಿಲ್ಲ ಅಂತ ಅವನು ತನ್ನನ್ನು ತಾನು ಕೇಳಿಕೊಂಡ ಹಾಗೆ ಕಾಣಲಿಲ್ಲ.

“ನಿನಗೆ ಹೇಗೂ ಕಾಲಿಲ್ಲ. ವೇಷ ಹಾಕೋದೇ ಬೇಡ” ಅಂದ. ಹೊಗಳಿದ ಹಾಗಿತ್ತು.

ಕುರ್ಚಿ ನಂಗೆ ಆಗಲ್ಲ ಸಾರ್ ಅಂದೆ. ನಮ್ಮ ಬಾಗಿಲಲ್ಲಿ ಅದು ತೂರುವುದಿಲ್ಲ. ಮೆಟ್ಟಿಲ ಕೆಳಗೆ ತಲೆ ತಾಗುತ್ತದೆ. ಮನೆಯಲ್ಲೂ ಇಲ್ಲ, ಕೆಲಸದಲ್ಲೂ ಇಲ್ಲ ಅಂದಮೇಲೆ ನಡುವಿನ ದಾರಿಗೆ ಮಾತ್ರ ಕುರ್ಚಿ ಏನು ಮಾಡಲಿ. ಒಂದು ದಿನಕ್ಕೆ ಕೂರು ಅಂದ. ಅಂಕ ಬರಲಿ, ಆಮೇಲೆ ನೀನು ಕೇಳಿದ ಆ ಪಟ್ಟಿ, ನಿಮ್ಮ ಗಲ್ಲಿಯ ಬಾಯಿಂದ ಈ ಮೆಟ್ಟಿಲ ತನಕ ನಾನೇ ಹಾಕಿಸುತ್ತೇನೆ, ಉಳಿದ ಸಿಮೆಂಟಿನಲ್ಲಿ ಆಗಿಹೋಗುತ್ತದೆ ಅಂದ. ನನ್ನ ಕಣ್ಣಿಗೆ ಭಾವನ ಸೊಂಟ ಬಂತು. ಒಂದು ಲೋಟ ನೀರು ಬಂತು. ಒಪ್ಪಿಕೊಂಡೆ.

ಮುನ್ನಾದಿನ ತಾಲೀಮು. ಕಂಟ್ರಾಕ್ಟರನ ಮಗನಿಗೆ ಹೊಸ ಸೈಕಲ್ಲು, ತಲೆಗೆ ಟೊಪ್ಪಿ. ಹಳದಿ ಹಾಸು ಹಾಕಿದ ಗಾರೆಯವನೇ ಕಪ್ಪು ಕನ್ನಡಕ ಹಾಕಿಕೊಂಡು ಕುರುಡ. ಅವನು ಹಾಸಿನ ಮೇಲೆ ಎಷ್ಟು ಚುರುಕಾಗಿ ನಡೆದನೆಂದರೆ ಸ್ವಲ್ಪ ತಡವರಿಸು ಅಂತ ಬೈಸಿಕೊಂಡ. ಭಾವನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಕುರ್ಚಿ ತಳ್ಳಲು ನಿಲ್ಲಿಸಿದರು. ನನಗೆ ನಗಲು ಹೇಳಿಕೊಟ್ಟರು. ತುಂಬ ಹಲ್ಲು ಬೇಡ, ನೆಮ್ಮದಿ ಕಂಡರೆ ಸಾಕಂತೆ. ಹಲಗೆ ಕಣ್ಣಿಗೆ ಬೀಳಬಾರದು ಅಂತ ಮೆಟ್ಟಿಲ ಹಿಂದೆ ಗೋಣಿ ಮುಚ್ಚಿದರು. ಅಕ್ಕ ಇದನ್ನೆಲ್ಲ ನೋಡಿ ಮೂಗು ಮುರಿದಳು. ಕಾಲಿಲ್ಲದವಳಿಗೆ ಕಾಲಿಲ್ಲದವಳ ಪಾರ್ಟು ಕೊಟ್ಟಿದ್ದಾರೆ, ಅದಕ್ಕೂ ಇವಳಿಗೆ ತಾಲೀಮು ಬೇಕಂತೆ ಅಂದಳು.

ಒಂದು ಮಾತು ಹೇಳಲೇಬೇಕು. ಕುರ್ಚಿ ಹಿತವಾಗಿತ್ತು. ಅಷ್ಟು ಎತ್ತರದಲ್ಲಿ ಕೂತು ನಾನು ಬೀದಿ ನೋಡಿದ್ದೇ ಇಲ್ಲ. ಜನರ ಮುಖ ನನ್ನ ಮುಖದ ಸಮಕ್ಕಿತ್ತು. ಅಂಗಡಿಯ ಕಟ್ಟೆಯ ಮೇಲೆ ಏನೇನಿಟ್ಟಿರುತ್ತಾರೆ ಅಂತ ಅವತ್ತೇ ಗೊತ್ತಾದದ್ದು. ದಿನಾ ನನ್ನನ್ನು ದಾಟಿಕೊಂಡು ಹೋಗುವವರು ಅವತ್ತು ನಮಸ್ಕಾರ ಹೇಳಿದರು. ಕುರ್ಚಿಗೆ ಹೇಳಿದರೋ ನನಗೆ ಹೇಳಿದರೋ ನೀವೇ ಲೆಕ್ಕ ಹಾಕಿ.

ಅಂಕ ಕೊಡುವವರು ಮೂವರು ಬಂದರು. ಅವರ ಕಾರು ಸೈಕಲ್ ದಾರಿಯಲ್ಲಿ ನಿಂತಿತು. ಪೀಪಿಯವನು ಪೀಪಿ ಜೇಬಿಗಿಟ್ಟು ಬಾಗಿಲು ತೆಗೆದ. ಅವರಲ್ಲಿ ಹಿರಿಯ, ಬಿಳಿ ಗಡ್ಡದವನು, ಎಲ್ಲದಕ್ಕೂ ತಲೆದೂಗುತ್ತ ಬಂದ. ಗಾರೆಯವನು ತಡವರಿಸಿದ. ಕಂಟ್ರಾಕ್ಟರನ ಮಗ ಸೈಕಲ್ಲಿನಲ್ಲಿ ಆ ಕಡೆ ಹೋಗಿ, ಈ ಕಡೆ ಬಂದು, ಮತ್ತೆ ಆ ಕಡೆ ಹೋದ. ಭಾವ ನನ್ನನ್ನು ತಳ್ಳಿಕೊಂಡು ಇಳಿಜಾರು ಹತ್ತಿಸಿದ. ದೊಡ್ಡ ಗಾಲಿ, ಹಳದಿ ಹಾಸು ದಾಟಿದ್ದೇ ತಿಳಿಯಲಿಲ್ಲ. ಗಡ್ಡದವನು ಬಾಗಿ ಬೀದಿ ಹೇಗಿದೆ ಅಂತ ಕೇಳಿದ. ಚೆನ್ನಾಗಿದೆ ಅಂದೆ. ದಿನಾ ಬರ್ತೀಯಾ ಅಂದ. ದಿನಾ ಬರ್ತೀನಿ ಅಂದೆ. ಎರಡನೆಯದು ನಿಜ. ಫೋಟೋ ಹಿಡಿದರು. ನೆಮ್ಮದಿ ತೋರಿಸಿದೆ.

ಅಲ್ಲಿಗೆ ಮುಗಿದಿದ್ದರೆ ಪಟ್ಟಿ ಸಿಗುತ್ತಿತ್ತು. ಆದರೆ ಗಡ್ಡದವನಿಗೆ ತೊಟ್ಟಿ ಕಂಡಿತು.

ಇದು ಇಲ್ಲೇ ಯಾಕೆ ಅಂತ ಕೇಳಿದ. ಎಂಜಿನಿಯರಮ್ಮ, ಮುಂದೆ ಹೋಗೋಣ ಸಾರ್, ಬಸ್‌ಸ್ಟಾಪು ನೋಡಬೇಕಲ್ಲ ಅಂದಳು. ಕಂಟ್ರಾಕ್ಟರ್ ಬಿಡಬೇಕಲ್ಲ, ಎದೆಯುಬ್ಬಿಸಿ ಮುಂದೆ ಬಂದ.

“ಸುಮ್ನೆ ಇಟ್ಟಿದ್ದಲ್ಲ ಸಾರ್. ಕ್ಯಾಮರಾದಲ್ಲಿ ನೋಡಿ ಇಟ್ಟಿದ್ದು. ಒಂದು ಬೀಡಾಡಿ ಪ್ರಾಣಿ ದಿನಾ ಬೆಳಗ್ಗೆ ಆ ತುದಿಯಿಂದ ಬಂದು ಈ ಮೆಟ್ಟಿಲ ಹತ್ರಾನೇ ನಿಲ್ಲುತ್ತೆ. ಸಾಯಂಕಾಲ ವಾಪಸ್ ಹೋಗುತ್ತೆ. ಪಾಪ, ಬಾಯಾರಿಕೆ ಆಗಿರುತ್ತಲ್ಲ ಅಂತ.”

ಗಡ್ಡದವನ ಕಣ್ಣು ತೇವವಾಯಿತು. ನಿಜಕ್ಕೂ ಆಯಿತು, ನಾನು ಕುರ್ಚಿಯ ಎತ್ತರದಿಂದಲೇ ನೋಡಿದೆ. ಒಂದು ಮೂಕಪ್ರಾಣಿಯ ದಾರಿಯನ್ನೂ ಗಮನಿಸಿದ್ದೀರಲ್ಲ, ಬೀದಿ ಮಾಡುವುದು ಅಂದರೆ ಇದು ಅಂದ. ಉಳಿದಿಬ್ಬರು ಬರೆದುಕೊಂಡರು. ಎಂಜಿನಿಯರಮ್ಮ ನೆಲ ನೋಡುತ್ತಿದ್ದಳು.

ನಾನು ಬಾಯಿ ಬಿಟ್ಟು ಎರಡು ಗೇಣು ಅಗಲ ದಾರಿ ಕೇಳಿದರೆ ಲೆಕ್ಕ ಏರುಪೇರು. ನಾಯಿ ಅಂದುಕೊಂಡಾಗ ಕೇಳದೆಯೇ ಕಲ್ಲಿನ ತೊಟ್ಟಿ, ನಲ್ಲಿ, ಕಣ್ಣೀರು. ಇಷ್ಟು ದಿನ ಬಾಯಿ ಒಣಗಿಸಿಕೊಂಡು ಆ ತೊಟ್ಟಿಯ ಪಕ್ಕದಲ್ಲೇ ಕೂತಿದ್ದೆನಲ್ಲ, ನನಗೇ ಇಟ್ಟದ್ದು ಅಂತ ಒಬ್ಬರಾದರೂ ಹೇಳಬಾರದಿತ್ತೇ.

“ಭಾವ, ಕುರ್ಚಿ ಗಟ್ಟಿ ಹಿಡ್ಕೋ” ಅಂದೆ.

ಕೈಯೂರಿ ಜಾರಿ ನೆಲಕ್ಕೆ ಇಳಿದೆ. ತರಿಕಲ್ಲು ಕಾದಿತ್ತು. ಮರದ ತುಂಡು ಇರಲಿಲ್ಲ, ಬರಿ ಅಂಗೈ. ಸೊಂಟ ಎಳೆದುಕೊಂಡು ತೊಟ್ಟಿಯ ಹತ್ತಿರ ಹೋದೆ. ಯಾರೋ, ಅಯ್ಯೋ ಬಿದ್ರು, ಎತ್ತಿ ಅಂದರು. ಎತ್ತಲು ಬಂದ ಕೈಯನ್ನು ತಳ್ಳಿದೆ. ತೊಟ್ಟಿಯ ಅಂಚು ನನ್ನ ಗಲ್ಲಕ್ಕೆ ಸರಿಯಾಗಿತ್ತು. ಅಳತೆ ಚೆನ್ನಾಗಿ ತೆಗೆದುಕೊಂಡಿದ್ದರು, ಅದನ್ನು ಒಪ್ಪಬೇಕು. ನಲ್ಲಿ ಒತ್ತಿ, ಬಾಯಿ ಇಟ್ಟು, ಹೊಟ್ಟೆ ತುಂಬ ಕುಡಿದೆ. ಮುಖ ತೊಳೆದುಕೊಂಡೆ. ಸೆರಗಿಲ್ಲದ ಬಟ್ಟೆ, ಅಂಗೈಯಲ್ಲೇ ಒರೆಸಿಕೊಂಡೆ. ಅಂಗೈಯಲ್ಲಿ ರಕ್ತ ಇತ್ತು, ಅದು ಮುಖಕ್ಕೂ ಆಯಿತು.

“ಆ ಪ್ರಾಣಿ ನಾನೇ ಸಾರ್. ನೀರು ಚೆನ್ನಾಗಿದೆ. ಬರೆದುಕೊಳ್ಳಿ” ಅಂದೆ.

ಗಡ್ಡದವನು ಎಂಜಿನಿಯರಮ್ಮನ ಮುಖ ನೋಡಿದ. ಕಂಟ್ರಾಕ್ಟರ್ ನನ್ನ ಕಿವಿಯ ಹತ್ತಿರ ಬಗ್ಗಿದ. ಬಾಯಿ ನಗುತ್ತಿತ್ತು, ಮಾತು ನಗುತ್ತಿರಲಿಲ್ಲ.

“ಪಟ್ಟಿ ಬೇಕೋ ಬೇಡ್ವೋ? ಸುಮ್ನೆ ಹತ್ತಿ ಕೂತ್ಕೋ.”

“ಬೇಡ” ಅಂದೆ.

ಭಾವ ಇಸ್ತ್ರಿ ಅಂಗಿಯಲ್ಲೇ ಮೆಟ್ಟಿಲ ಹಿಂದೆ ಹೋದ. ಗೋಣಿ ಎಳೆದು ಬಿಸಾಡಿ ಹಲಗೆ ತಂದು ನನ್ನ ಪಕ್ಕದಲ್ಲಿಟ್ಟ. ಮರದ ತುಂಡು ಕೈಗೆ ಕೊಟ್ಟ. ಅಂಗಿ ಬಿಚ್ಚಿ ಮಡಚಿ ಕುರ್ಚಿಯ ಮೇಲೆ ಹಾಕಿದ. ನಾನು ಹಲಗೆ ಹತ್ತಿದೆ. ಫುಟ್‌ಪಾತಿನಲ್ಲಿ ಹೋಗಲಾಗದು. ಇಳಿಜಾರಿನಲ್ಲಿ ಇಳಿದು ಕೆಂಪು ದಾರಿಗೆ ಬಂದೆ. ಅಂಚಿಗಲ್ಲ, ನಟ್ಟನಡುವೆ.

ಹಿಂದಿನಿಂದ ಬಸ್ಸು ಬಂತು. ಡ್ರೈವರು ಹಾರನ್ ಒತ್ತಿದ. ನಾನು ನೆಲ ಒತ್ತಿದೆ. ಪೀಪಿಯವನು ಓಡಿ ಬಂದು, ಇಲ್ಲಿ ಬರಬಾರದು ಅಂತ ಗೊತ್ತಿಲ್ವಾ ಅಂದ.

“ಪ್ರಾಣಿಗೆ ಪೀಪಿ ಅರ್ಥ ಆಗಲ್ಲಣ್ಣ” ಅಂದೆ.

ಅವನು ಅಲ್ಲೇ ನಿಂತ. ಬೀಡಾಡಿ ಪ್ರಾಣಿ ಎಲ್ಲಿ ಹೋಗಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಭಾವ ಬನಿಯನ್ನಿನಲ್ಲಿ ಫುಟ್‌ಪಾತಿನ ಮೇಲೆ ನನ್ನ ಸಮಕ್ಕೆ ನಡೆದ, ಬರಿಗೈಯಲ್ಲಿ. ಬಸ್ಸು ನಮ್ಮ ಗಲ್ಲಿಯ ತನಕ ನನ್ನ ಹಿಂದೆಯೇ ಬಂತು.

ಬೀದಿಗೆ ಬಹುಮಾನ ಬಂತು. ಬರದೆ ಇರುತ್ತದೆಯೇ. ತೊಟ್ಟಿಯ ಬಗ್ಗೆ ಎರಡು ಸಾಲು ಹೆಚ್ಚಾಗಿಯೇ ಬರೆದರಂತೆ. ತಗ್ಗಿನಲ್ಲಿರುವುದರಿಂದ ಪ್ರಾಣಿಗಳ ಜೊತೆಗೆ ಕಾಲಿಲ್ಲದವರೂ ಸಂತೋಷದಿಂದ ಬಳಸುತ್ತಿದ್ದಾರೆ, ಎಲ್ಲ ಬೀದಿಗಳಲ್ಲೂ ಇಡಬಹುದು ಅಂತ. ಬೋರ್ಡಿನ ಪಕ್ಕದಲ್ಲಿ ನನ್ನ ಫೋಟೋ ಹಾಕಿದ್ದಾರೆ, ಕುರ್ಚಿಯಲ್ಲಿ ಕೂತದ್ದು. ನೆಮ್ಮದಿ ಚೆನ್ನಾಗಿ ಬಂದಿದೆ. ಕುರ್ಚಿ ಅವತ್ತು ಸಂಜೆಯೇ ಅಂಗಡಿಗೆ ವಾಪಸ್ ಹೋಯಿತು.

ಪಟ್ಟಿ ಬರಲಿಲ್ಲ. ನಾನು ದಿನಾ ಕೆಂಪು ದಾರಿಯ ನಡುವೆ ಹೋಗುತ್ತೇನೆ, ನಡುವೆ ಬರುತ್ತೇನೆ. ಮಧ್ಯಾಹ್ನವೂ ಬಂದು ಹೋಗುತ್ತೇನೆ, ನೀರು ಕುಡಿಯುತ್ತೇನಲ್ಲ. ಬಸ್ಸಿನೊಳಗಿನವರು ಮೊದಮೊದಲು ಕಿಟಕಿಯಿಂದ ಬೈದರು. ಬೈದವರಲ್ಲಿ ನನ್ನ ಹತ್ತಿರ ಜಿಪ್ಪು ಹಾಕಿಸಿಕೊಂಡವರೂ ಇದ್ದರು. ಭಾವನ ಸೊಂಟ ಇನ್ನೂ ಪೂರ್ತಿ ನೆಟ್ಟಗಾಗಿಲ್ಲ. ಆದರೆ ಈಗ ಅವನು ಹೊರುವುದು ಮೂಟೆ ಮಾತ್ರ.

ಹೋದ ವಾರ ಎಂಜಿನಿಯರಮ್ಮ ಬಂದಳು. ಮತ್ತೆ ಕುಕ್ಕರಗಾಲಲ್ಲಿ ಕೂತಳು. ಬಸ್ಸುಗಳೆಲ್ಲ ತಡವಾಗುತ್ತಿವೆ, ಮೇಲಿನವರು ತನ್ನನ್ನು ಕೇಳುತ್ತಿದ್ದಾರೆ, ದಯವಿಟ್ಟು ಪಕ್ಕಕ್ಕೆ ಹೋಗಿ ಅಂದಳು. ನಾನು ಕೈಯಲ್ಲಿದ್ದ ಜಿಪ್ಪು ಎಳೆದು ಮುಚ್ಚಿ ಚೀಲ ಕೆಳಗಿಟ್ಟೆ.

“ಆ ಕಂದು ಚೌಕ ಇದೆಯಲ್ಲ ಮೇಡಂ, ಅದರ ಮೇಲೆ ಹೆಂಗಸು ಅಂತ ಬರೀರಿ. ಬರೆದ ದಿನ ಪಕ್ಕಕ್ಕೆ ಸರೀತೀನಿ.”

ಹಾಗೆ ಬದಲಾಯಿಸಲು ಬರುವುದಿಲ್ಲ, ಇಡೀ ಬೀದಿಯನ್ನು ಹೊಸದಾಗಿ ಎಣಿಸಬೇಕಾಗುತ್ತದೆ ಅಂದಳು.

“ಎಣಿಸಿ” ಅಂದೆ. “ಅಲ್ಲಿವರೆಗೂ ಬಸ್ಸು ನನ್ನ ಹಿಂದೆ ಬರಲಿ.”